ಎಂಜಿನ್ ರೀಕಾಲ್ ಬಾಕಿ ಇರುವ ಹಳೇ ಕಾರು ಕೊಂಡರೆ ಹೊಸ ಎಂಜಿನ್ ಫ್ರೀ ಸಿಗುತ್ತಾ?

"ಈ ಕಾರಿಗೆ ಎಂಜಿನ್ ರೀಕಾಲ್ ಬಾಕಿ ಇದೆ, ಅದಕ್ಕೇ ರೇಟು ಕಡಿಮೆ. ತಗೊಂಡು ಶೋರೂಮಿಗೆ ಕೊಡಿ, ಹೊಸ ಎಂಜಿನ್ ಫ್ರೀ ಹಾಕಿಕೊಡ್ತಾರೆ." ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಸಲಹೆ ಓಡಾಡುತ್ತಿರುತ್ತದೆ. ಅದೇ ಗುಂಪುಗಳಲ್ಲಿ ಉಲ್ಟಾ ಸಲಹೆಯೂ ಇರುತ್ತದೆ: "ರೀಕಾಲ್ ಆದ ಕಾರು ಅಂದ್ರೆ ಡಬ್ಬಾ, ಮುಟ್ಟಲೇಬೇಡಿ."

ನನ್ನ ಗೆಳತಿಯ ತಮ್ಮ ಡಲ್ಲಾಸ್‌ನಲ್ಲಿ ಓದುತ್ತಿದ್ದಾನೆ. ಅವನು 2013ರ ಹುಂಡೈ ಸೊನಾಟಾ ಒಂದರ ಜಾಹೀರಾತು ಕಳಿಸಿ, ಇದರಲ್ಲಿ ಯಾವುದು ನಿಜ ಎಂದು ಕೇಳಿದ. ಎರಡೂ ಅರ್ಧ ಸುಳ್ಳು.

ಮೊದಲು ಈ ಕಾರಿನ ಕಥೆ. ಎಂಜಿನ್ ಒಳಗೆ ಕ್ರ್ಯಾಂಕ್‌ಶಾಫ್ಟ್ ಎಂಬ ದಪ್ಪ ಉಕ್ಕಿನ ದಂಡ ಇರುತ್ತದೆ. ಪಿಸ್ಟನ್‌ಗಳು ಕನೆಕ್ಟಿಂಗ್ ರಾಡ್‌ಗಳ ಮೂಲಕ ಅದನ್ನು ತಿರುಗಿಸುತ್ತವೆ. ರಾಡ್ ಮತ್ತು ದಂಡ ಸೇರುವ ಜಾಗದಲ್ಲಿ ಬೇರಿಂಗ್ ಇದೆ. ಲೋಹಕ್ಕೆ ಲೋಹ ತಾಗದಂತೆ ಅಲ್ಲಿ ಆಯಿಲಿನ ತೆಳು ಪದರ ಇರಲೇಬೇಕು. ಆ ಆಯಿಲ್ ಬರುವುದು ಕ್ರ್ಯಾಂಕ್‌ಶಾಫ್ಟಿನಲ್ಲೇ ಕೊರೆದ ಸಣ್ಣ ರಂಧ್ರಗಳಿಂದ.

ಹುಂಡೈನ ಥೀಟಾ 2 ಎಂಬ ಎಂಜಿನ್ ಕುಟುಂಬದಲ್ಲಿ ಎಡವಟ್ಟಾಗಿದ್ದು ಇಲ್ಲೇ. ಅಮೆರಿಕದ ಅಲಬಾಮಾ ಕಾರ್ಖಾನೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ತಯಾರಿಸುವಾಗ ಉಳಿದ ಲೋಹದ ಚೂರುಗಳು ಪೂರ್ತಿ ಸ್ವಚ್ಛವಾಗದೆ ಆಯಿಲ್ ದಾರಿಯಲ್ಲಿ ಕೂತಿರುವ ಸಾಧ್ಯತೆ ಇತ್ತು. ಚೂರು ಅಡ್ಡ ಬಂದರೆ ಬೇರಿಂಗಿಗೆ ಆಯಿಲ್ ತಲುಪುವುದಿಲ್ಲ, ಬೇರಿಂಗ್ ಸವೆಯುತ್ತದೆ, ಎಂಜಿನ್ 'ಟಕ್ ಟಕ್' ಎನ್ನತೊಡಗುತ್ತದೆ. ಆಮೇಲೂ ಓಡಿಸಿದರೆ ಹೈವೇಯಲ್ಲೇ ಎಂಜಿನ್ ನಿಂತುಹೋಗಬಹುದು. ಕೆಲವು ಕಾರುಗಳಿಗೆ ಬೆಂಕಿಯೂ ಹತ್ತಿದೆ.

2015ರ ಸೆಪ್ಟೆಂಬರಿನಲ್ಲಿ ಹುಂಡೈ 2011 ಮತ್ತು 2012ರ ಸುಮಾರು 4.7 ಲಕ್ಷ ಸೊನಾಟಾಗಳನ್ನು ಹಿಂದಕ್ಕೆ ಕರೆಯಿತು. 2017ರಲ್ಲಿ 2013-14ರ ಸೊನಾಟಾ, ಸಾಂಟಾ ಫೆ ಸ್ಪೋರ್ಟ್ ಮತ್ತು ಕಿಯಾ ಕಂಪನಿಯ ಕಾರುಗಳೂ ಪಟ್ಟಿಗೆ ಸೇರಿದವು. ತಡವಾಗಿ ಹೇಳಿದ್ದಕ್ಕೆ ದಂಡವೂ ಬಿತ್ತು. 2020ರ ನವೆಂಬರಿನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜತೆಗಿನ ಒಪ್ಪಂದದಲ್ಲಿ ಹುಂಡೈಗೆ 14 ಕೋಟಿ ಡಾಲರ್, ಕಿಯಾಗೆ 7 ಕೋಟಿ ಡಾಲರ್ ದಂಡ ನಿಗದಿಯಾಯಿತು. ವಿಷಯ ಬಯಲಿಗೆ ತಂದವರು ಕಂಪನಿಯ ಎಂಜಿನಿಯರ್ ಆಗಿದ್ದ ಕಿಮ್ ಗ್ವಾಂಗ್ ಹೋ. 2021ರಲ್ಲಿ ಅವರಿಗೆ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಸಿಕ್ಕಿತು. (ಬಹುಮಾನದ ಸುದ್ದಿ ನಮ್ಮಲ್ಲೂ ಓಡಾಡಿತ್ತು, ಯಾಕೆ ಕೊಟ್ಟರು ಎಂಬುದು ಅಷ್ಟಾಗಿ ಓಡಾಡಲಿಲ್ಲ.)

ಈಗ 'ಹೊಸ ಎಂಜಿನ್ ಫ್ರೀ' ಮಾತಿಗೆ ಬರೋಣ. ಈ ರೀಕಾಲ್ ಎಲ್ಲರಿಗೂ ಹೊಸ ಎಂಜಿನ್ ಕೊಡುವುದಲ್ಲ. ಅಧಿಕೃತ ವರ್ಕ್‌ಶಾಪಿನಲ್ಲಿ ಎಂಜಿನ್ ಪರೀಕ್ಷಿಸುತ್ತಾರೆ. ಬೇರಿಂಗ್ ಕೆಟ್ಟ ಲಕ್ಷಣ ಕಂಡರೆ ಮಾತ್ರ ಎಂಜಿನ್ ಬದಲಿಸುತ್ತಾರೆ. ಇಲ್ಲದಿದ್ದರೆ 'ರೀಕಾಲ್ ಆಯಿತು' ಎಂದು ದಾಖಲಿಸಿ ಅದೇ ಎಂಜಿನ್ ಇರುವ ಕಾರನ್ನೇ ವಾಪಸ್ ಕೊಡುತ್ತಾರೆ. ಆದ್ದರಿಂದ ಮಾರುವವರು "ರೀಕಾಲ್ ಮುಗಿದಿದೆ" ಎಂದರೆ ಅದರರ್ಥ ಎಂಜಿನ್ ಹೊಸದು ಎಂದಲ್ಲ. ಬದಲಾಗಿದ್ದರೆ ವರ್ಕ್‌ಶಾಪ್ ಬಿಲ್ಲಿನಲ್ಲಿ ಇರುತ್ತದೆ, ಅದನ್ನು ಕೇಳಿ ನೋಡಿ.

ಬೇರಿಂಗ್ ಸವೆತದ ಕಂಪನವನ್ನು ಮೊದಲೇ ಗುರುತಿಸುವ ಒಂದು ಸಾಫ್ಟ್‌ವೇರನ್ನೂ ಕಂಪನಿ ಮುಂದೆ ಈ ಕಾರುಗಳಿಗೆ ಹಾಕತೊಡಗಿತು. ಅನುಮಾನ ಬಂದರೆ ಅದು ಚೆಕ್ ಎಂಜಿನ್ ದೀಪ ಮಿನುಗಿಸಿ ಕಾರಿನ ವೇಗ ತಗ್ಗಿಸುತ್ತದೆ. ಕೋರ್ಟ್ ಒಪ್ಪಂದವೊಂದರಂತೆ ಎಂಜಿನ್ನಿನ ಕೆಳಭಾಗಕ್ಕೆ ಜೀವಮಾನದ ವಾರಂಟಿಯೂ ಇದೆ, ನಂತರದ ಮಾಲೀಕರಿಗೂ ಅದು ಸಿಗುತ್ತದೆ. ಆದರೆ ಆ ಸಾಫ್ಟ್‌ವೇರ್ ಹಾಕಿಸಿರಬೇಕು. ಹಿಂದಿನ ಮಾಲೀಕ ವರ್ಷಗಟ್ಟಲೆ ಆಯಿಲ್ ಬದಲಿಸದೆ ಓಡಿಸಿದ್ದು ಎದ್ದು ಕಂಡರೆ ಕಂಪನಿ ಇಲ್ಲ ಎನ್ನಬಹುದು. ಮೂರನೇ ಕೈಯಿಂದ ಕೊಳ್ಳುವಾಗ ಆಯಿಲ್ ಬದಲಿಸಿದ ರಸೀದಿಗಳಿಗೆ ಅದಕ್ಕೇ ಅಷ್ಟು ಬೆಲೆ. ಅವು ಇಲ್ಲದಿದ್ದರೆ, ಇನ್ನೊಬ್ಬರ ಅಸಡ್ಡೆಯ ಲೆಕ್ಕ ನಿಮ್ಮ ಹೆಸರಿಗೆ ಬರುತ್ತದೆ.

"ಹಾಗಾದರೆ ರೀಕಾಲ್ ಬಾಕಿ ಇರುವ ಕಾರು ಮಾರುವುದೇ ಅಪರಾಧ ಅಲ್ವಾ?" ಅಮೆರಿಕದ ಕೇಂದ್ರ ಕಾನೂನಿನಂತೆ ಹೊಸ ಕಾರನ್ನು ಹಾಗೆ ಮಾರುವಂತಿಲ್ಲ. 2016ರಿಂದ ದೊಡ್ಡ ಬಾಡಿಗೆ ಕಂಪನಿಗಳೂ ಅಂಥ ಕಾರನ್ನು ಬಾಡಿಗೆಗೆ ಕೊಡುವಂತಿಲ್ಲ. ಹಳೇ ಕಾರಿಗೆ ಅಂಥ ತಡೆ ಇಲ್ಲ. ನನ್ನ ಪ್ರಕಾರ ಇದು ತಲೆಕೆಳಗಾದ ನಿಯಮ. ಒಂದು ದಿನದ ಬಾಡಿಗೆಗೆ ಸಲ್ಲದ ಕಾರನ್ನು ಐದು ವರ್ಷ ಓಡಿಸಲು ಮಾರಬಹುದು!

ಇನ್ನು 'ಡಬ್ಬಾ' ಎನ್ನುವವರ ಮಾತು. ರೀಕಾಲ್ ಆದ ಕಾರುಗಳಲ್ಲಿ ಎಲ್ಲವೂ ಕೆಟ್ಟಿರುವುದಿಲ್ಲ. ರೀಕಾಲ್ ಕೆಲಸಕ್ಕೆ ಸಾಮಾನ್ಯ ವಾರಂಟಿ ಮುಗಿದಿರುವುದು ಅಡ್ಡಿಯಲ್ಲ, ಮಾಲೀಕರು ಬದಲಾಗಿರುವುದೂ ಅಡ್ಡಿಯಲ್ಲ. ತೊಂದರೆ ಬೇರೆ ಕಡೆ ಇದೆ. ಕಂಪನಿಯ ಪತ್ರ ಹಳೇ ಮಾಲೀಕರ ಹಳೇ ವಿಳಾಸಕ್ಕೆ ಹೋಗುತ್ತದೆ, ಕಾರು ಮೂರು ಕೈ ದಾಟಿರುತ್ತದೆ. ಪತ್ರ ಓದಬೇಕಾದವರಿಗೆ ಅದು ಬಂದೇ ಇರುವುದಿಲ್ಲ.

ಹಾಗಾಗಿ ಮಾರುವವರ ಮಾತು ಬಿಟ್ಟು ಕಾರಿನ 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆ ಪಡೆಯಿರಿ. ವಿಂಡ್‌ಶೀಲ್ಡಿನ ಕೆಳಗೆ ಚಾಲಕನ ಬದಿಯಲ್ಲಿ ಹೊರಗಿನಿಂದಲೇ ಕಾಣುತ್ತದೆ. ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಬಾಕಿ ಇರುವ ರೀಕಾಲ್ ಉಚಿತವಾಗಿ ತಿಳಿಯುತ್ತದೆ. ಮುಗಿದ ರೀಕಾಲ್‌ಗಳನ್ನು ಅದು ತೋರಿಸುವುದಿಲ್ಲ. ಅವುಗಳ ವಿವರಕ್ಕೆ ಕಂಪನಿಯ ಡೀಲರನ್ನೇ ಕೇಳಬೇಕು. ಕಾರಿನ ಹೆಸರು ನೋಡಿ ತೀರ್ಮಾನಿಸಬೇಡಿ, ಒಂದೇ ಹೆಸರಿನ ಕಾರಿನಲ್ಲಿ ಬೇರೆ ಬೇರೆ ಎಂಜಿನ್ ಬಂದಿರುತ್ತವೆ. ಅಂದ ಹಾಗೆ, ಇಲ್ಲಿ ನಾವು ಓಡಿಸುವ ಐ10, ಐ20, ಕ್ರೆಟಾಗಳಲ್ಲಿ ಇರುವುದು ಈ ಎಂಜಿನ್ ಅಲ್ಲ. ಅಮೆರಿಕದ ಸುದ್ದಿಯನ್ನು ಊರಿನ ಗುಂಪಿಗೆ ಫಾರ್ವರ್ಡ್ ಮಾಡಿ ಗಾಬರಿ ಹುಟ್ಟಿಸಬೇಡಿ.

ನಮ್ಮಲ್ಲೂ ರೀಕಾಲ್ ಇದೆ. 2012ರಿಂದ ಕಂಪನಿಗಳು ಸ್ವಇಚ್ಛೆಯಿಂದ ಮಾಡುತ್ತಿದ್ದವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮು ಸರ್ಕಾರಕ್ಕೇ ರೀಕಾಲ್ ಆದೇಶಿಸುವ ಅಧಿಕಾರ ಕೊಟ್ಟಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. 2024ರ ಮಾರ್ಚಿನಲ್ಲಿ ಮಾರುತಿ ಸುಜುಕಿ 11,851 ಬಲೆನೊ ಮತ್ತು 4,190 ವ್ಯಾಗನ್‌ಆರ್ ಕಾರುಗಳನ್ನು ಕರೆಸಿತು. ಫ್ಯುಯೆಲ್ ಪಂಪ್ ಮೋಟಾರಿನ ಒಂದು ಭಾಗದ ದೋಷದಿಂದ ಎಂಜಿನ್ ನಿಲ್ಲಬಹುದು ಎಂಬುದು ಕಾರಣ. ಅವೆಲ್ಲ 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ ತಯಾರಾದವು. ಅಂದರೆ ಕರೆ ಬರುವಷ್ಟರಲ್ಲಿ ನಾಲ್ಕು ವರ್ಷ ದಾಟಿತ್ತು. ಅಷ್ಟರಲ್ಲಿ ಎಷ್ಟೋ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿಬಿಡುತ್ತವೆ. ನಿಮ್ಮ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಅಥವಾ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಓದಿ ಹೇಳಿ. ಹಳೇ ಕಾರು ಕೊಂಡವರು ಹೊಸ ಫೋನ್ ನಂಬರನ್ನು ಕಂಪನಿಯ ದಾಖಲೆಗೆ ಸೇರಿಸಿಕೊಂಡರೆ ಮುಂದಿನ ಕರೆ ನಿಮಗೇ ಬರುತ್ತದೆ.

ಡಲ್ಲಾಸಿನ ಹುಡುಗನಿಗೆ ಹೇಳಿದ್ದು ಇಷ್ಟೇ: ರೀಕಾಲ್ ಪರೀಕ್ಷೆಯನ್ನು ಮಾರುವವನೇ ಮಾಡಿಸಿ ಕಾಗದ ತೋರಿಸಲಿ, ಅದು ಉಚಿತ ತಾನೇ? ಆಮೇಲೆ, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವಾಗ ನೀನು ಪಕ್ಕದಲ್ಲಿ ನಿಂತು ಶಬ್ದ ಕೇಳು, ಗೊತ್ತಿರುವ ಮೆಕ್ಯಾನಿಕ್‌ನ ಕೈಲಿ ಒಮ್ಮೆ ನೋಡಿಸು. ಅವನು ಹಾಗೇ ಕೇಳಿದ. ಮಾರುವವನು ಎರಡು ದಿನ ಸುಮ್ಮನಿದ್ದು, "ಬೇರೆ ಪಾರ್ಟಿ ಸಿಕ್ಕಿದ್ದಾರೆ" ಎಂದನಂತೆ. ಜಾಹೀರಾತು ಮಾತ್ರ ಇನ್ನೂ ಅಲ್ಲೇ ಇದೆ, ಬೆಲೆ 400 ಡಾಲರ್ ಇಳಿದಿದೆ.