ಬೆರಳ ತುದಿಯ ಬೆಳಕು

ದೀಪದ ಮುಂದೆ ಅಂಗೈಯನ್ನು ಅಡ್ಡ ಹಿಡಿದಾಗ ಬೆರಳುಗಳ ಅಂಚು ಕೆಂಪಗೆ ಹೊಳೆಯುವುದನ್ನು ಬಾಲ್ಯದಲ್ಲಿ ನಾವೆಲ್ಲರೂ ಕಂಡು ಬೆರಗಾದವರೇ. ಆ ಬೆಳಕು ನಮ್ಮ ರಕ್ತಮಾಂಸಗಳನ್ನು ಹಾದು ಬಂದುದು. ಬರುವಾಗ ಒಳಗಿನ ವಾರ್ತೆಯನ್ನೂ ಹೊತ್ತು ತಂದುದು. ಆ ವಾರ್ತೆಯನ್ನು ಓದುವ ಬಗೆಯನ್ನು ಲೋಕಕ್ಕೆ ಕಲಿಸಿಕೊಟ್ಟ ಜಪಾನಿನ ವಿಜ್ಞಾನಿ ಟಕುವೊ ಅವೊಯಾಗಿ ಅವರನ್ನು ಈ ಸಲ ವಾಚಕ ಬಂಧುಗಳಿಗೆ ಪರಿಚಯಿಸಬಯಸುತ್ತೇವೆ.

ಅವರ ಹೆಸರು ಅಪರಿಚಿತವಾದರೂ ಅವರ ಕೊಡುಗೆ ಅಪರಿಚಿತವಲ್ಲ. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಎಷ್ಟೋ ಮನೆಗಳನ್ನು ಸೇರಿತು. ಏದುಸಿರು ಕಾಣಿಸಿಕೊಳ್ಳುವ ಮೊದಲೇ ಕೆಲವು ರೋಗಿಗಳ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿದ್ದ ಕಾಲವದು. ಅಂಕಿ 94ಕ್ಕಿಂತ ಕೆಳಗಿಳಿದೊಡನೆ ಆಸ್ಪತ್ರೆಗೆ ಧಾವಿಸಿ ಜೀವ ಉಳಿಸಿಕೊಂಡವರುಂಟು. ನಡುರಾತ್ರಿ ಎದ್ದು ಆ ಅಂಕಿಯನ್ನು ನೋಡಿಕೊಂಡವರಲ್ಲಿ ನಾವೂ ಒಬ್ಬರು.

ಆಮ್ಲಜನಕವನ್ನು ಹೊತ್ತ ರಕ್ತವು ಕೆಂಪು ಬೆಳಕನ್ನು ಕಡಿಮೆ ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚು ಹೀರುತ್ತದೆ. ಆಮ್ಲಜನಕವನ್ನು ಕಳೆದುಕೊಂಡ ರಕ್ತದ ಸ್ವಭಾವ ಇದಕ್ಕೆ ವಿರುದ್ಧ. ಈ ಭೇದವನ್ನು ಬಳಸಿ ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ ಅಳೆಯುವ ಯತ್ನ ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ನಡೆದಿತ್ತು. ಆದರೆ ಬೆಳಕನ್ನು ಹೀರುವುದು ಅಪಧಮನಿಯ ರಕ್ತವೊಂದೇ ಅಲ್ಲ. ಚರ್ಮ, ಮಾಂಸ, ಅಭಿಧಮನಿಯ ರಕ್ತ ಎಲ್ಲವೂ ಹೀರುತ್ತವೆ. ಇವುಗಳಿಂದ ಅದೊಂದನ್ನು ಬೇರ್ಪಡಿಸುವುದು ಹೇಗೆ? ಇದೇ ಬಿಡಿಸಲಾಗದ ಗಂಟಾಗಿತ್ತು.

1936ರಲ್ಲಿ ಜನಿಸಿದ ಅವೊಯಾಗಿ, 1971ರಲ್ಲಿ ನಿಹೊನ್ ಕೊಡೆನ್ ಎಂಬ ವೈದ್ಯಕೀಯ ಉಪಕರಣಗಳ ಸಂಸ್ಥೆಯನ್ನು ಸೇರಿದರು. ಅವರು ಮೊದಲು ಹೊರಟಿದ್ದುದು ಬೇರೆಯೇ ಕಾರ್ಯಕ್ಕೆ. ರಕ್ತನಾಳಕ್ಕೆ ಒಂದು ಬಣ್ಣವನ್ನು ಸೇರಿಸಿ, ಅದು ಕಿವಿಯ ಬಳಿ ತೆಳುವಾಗುವ ಬಗೆಯನ್ನು ಬೆಳಕಿನಿಂದ ಗಮನಿಸಿ, ಹೃದಯವು ನಿಮಿಷಕ್ಕೆ ಎಷ್ಟು ರಕ್ತವನ್ನು ತಳ್ಳುತ್ತದೆಂದು ಅಳೆಯುವುದು ಅವರ ಗುರಿ. ಆದರೆ ಪ್ರತಿಯೊಂದು ನಾಡಿಮಿಡಿತಕ್ಕೂ ರೇಖೆ ಅಲೆಯಂತೆ ಅಲುಗಿ ಲೆಕ್ಕ ಕೆಡುತ್ತಿತ್ತು. ಎರಡು ಬಗೆಯ ಬೆಳಕನ್ನು ಬಳಸಿ ಆ ಅಲೆಯನ್ನು ಅಳಿಸಲು ಅವರು ಉಪಾಯ ಹೂಡಿದರು. ಆಗ ವಿಚಿತ್ರವೊಂದು ಗೋಚರಿಸಿತು: ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಬದಲಾದೊಡನೆ ಅಳಿಸಿದ್ದ ಅಲೆ ಮತ್ತೆ ತಲೆಯೆತ್ತುತ್ತಿತ್ತು!

ಇನ್ನೊಬ್ಬರಾಗಿದ್ದರೆ ಬೇಸರಗೊಳ್ಳುತ್ತಿದ್ದರು. ಅವೊಯಾಗಿಯವರು ಆಲೋಚಿಸಿದರು. ಮಿಡಿಯುವುದು ಅಪಧಮನಿಯ ರಕ್ತ ಮಾತ್ರ, ಚರ್ಮಮಾಂಸಗಳು ಮಿಡಿಯುವುದಿಲ್ಲ. ಆದುದರಿಂದ ಸ್ಥಿರವಾದುದನ್ನು ಬದಿಗಿಟ್ಟು ಮಿಡಿಯುವ ಭಾಗವನ್ನಷ್ಟೇ ಎರಡು ಬೆಳಕುಗಳಲ್ಲಿ ಹೋಲಿಸಿದರೆ ಆಮ್ಲಜನಕದ ಪ್ರಮಾಣ ತಾನಾಗಿ ದೊರೆಯುತ್ತದೆ. ಅಡ್ಡಿಯೆಂದು ಅಳಿಸಹೊರಟಿದ್ದುದರಲ್ಲಿಯೇ ಉತ್ತರವಿತ್ತು. 1974ರಲ್ಲಿ ಅವರು ಈ ಸಂಶೋಧನೆಯನ್ನು ಜಪಾನಿನ ವಿದ್ವತ್ಸಭೆಯ ಮುಂದಿಟ್ಟರು. ಮರುವರ್ಷ ಕಿವಿಗೆ ತೊಡಿಸುವ ಉಪಕರಣ ಹೊರಬಂದಿತು. 1980ರ ದಶಕದಲ್ಲಿ ಅಮೆರಿಕದ ಸಂಸ್ಥೆಗಳ ಮೂಲಕ ಅದು ಶಸ್ತ್ರಚಿಕಿತ್ಸೆಯ ಕೊಠಡಿಗಳನ್ನು ವ್ಯಾಪಿಸಿತು. ಅರಿವಳಿಕೆಯಲ್ಲಿರುವ ರೋಗಿ ತನ್ನ ಸಂಕಟವನ್ನು ಹೇಳಲಾರ; ಅವನ ಪರವಾಗಿ ಈ ಬೆಳಕು ಹೇಳತೊಡಗಿತು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು.

ಆದರೂ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದು ತರವಲ್ಲ. ಚರ್ಮದ ಕಪ್ಪು ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಉಪಕರಣವು 92ರಿಂದ 96ರವರೆಗೆ ತೋರಿಸುತ್ತಿದ್ದಾಗಲೂ ನಿಜವಾದ ಪ್ರಮಾಣ 88ಕ್ಕಿಂತ ಕಡಿಮೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು ತಿಳಿಸಿತು. ಶ್ಯಾಮಲವರ್ಣದ ಜನ ಬಹಳವಿರುವ ನಮ್ಮ ನಾಡಿನಲ್ಲಿ ಇದು ಗಮನಾರ್ಹ. ಬೆರಳು ತಣ್ಣಗಿದ್ದರೆ, ಕೈ ಅಲುಗಿದರೆ, ಉಗುರಿಗೆ ದಟ್ಟ ಬಣ್ಣ ಬಳಿದಿದ್ದರೆ ಅಂಕಿ ತಪ್ಪಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆ ಕುಡಿದವರ ರಕ್ತವನ್ನಂತೂ ಇದು ಆರೋಗ್ಯವಂತರ ರಕ್ತವೆಂದೇ ತೋರಿಸೀತು. ಆದುದರಿಂದ ತಾಯಂದಿರು ಮನೆಯವರ ಮುಖವನ್ನೂ ಉಸಿರನ್ನೂ ನೋಡುವುದನ್ನು ಬಿಡಬಾರದು. ಅಂಕಿ ಸರಿಯಿದ್ದೂ ರೋಗಿ ಬಳಲುತ್ತಿದ್ದರೆ ವೈದ್ಯರನ್ನು ಕಾಣುವುದೇ ವಿವೇಕ.

ಅವೊಯಾಗಿಯವರು 2020ರ ಏಪ್ರಿಲ್ 18ರಂದು, ತಮ್ಮ 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜಗತ್ತೆಲ್ಲ ಅವರ ಉಪಕರಣಕ್ಕೆ ಬೆರಳು ನೀಡುತ್ತಿದ್ದ ತಿಂಗಳುಗಳವು. ನೀಡಿದವರಲ್ಲಿ ಅವರ ಹೆಸರು ಬಲ್ಲವರು ವಿರಳ. ಇನ್ನೊಮ್ಮೆ ಆ ಕೆಂಪು ಬೆಳಕು ಮನೆಯವರ ಬೆರಳಿನಲ್ಲಿ ಹೊಳೆದಾಗ, ಅಡ್ಡಿಯನ್ನು ತಾಳ್ಮೆಯಿಂದ ನೋಡಿದ ಆ ಹಿರಿಯರನ್ನು ಮಕ್ಕಳಿಗೆ ಪರಿಚಯಿಸಿರೆಂದು ನಮ್ಮ ವಿನಂತಿ.