ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಬಹಳ ವರ್ಷಗಳ ಹಿಂದೆ ಮಾಲೂರಿನಲ್ಲಿ ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದ ಶಿಷ್ಯನೊಬ್ಬ ಈಗ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿದ್ದಾನೆ. ಕಳೆದ ವಾರ ಅವನಿಂದ ಪತ್ರ ಬಂದಿತು. 26 ಅಡಿಯ ಹಾಯಿದೋಣಿಯೊಂದನ್ನು ಕೊಳ್ಳುವ ಯೋಚನೆ. ಹನ್ನೆರಡು ವರ್ಷದ ಮಗಳಿಗೂ ಅದನ್ನು ನಡೆಸಲು ಕಲಿಸಬೇಕೆಂಬ ಆಸೆ. "ಟಿಲ್ಲರ್ ಇರುವುದನ್ನು ಕೊಳ್ಳಲೋ, ಚಕ್ರ ಇರುವುದನ್ನೋ, ತಾನೇ ದಿಕ್ಕು ಹಿಡಿದು ಸಾಗುವ ಆಟೋಪೈಲಟ್ ಇರುವುದನ್ನೋ? ಸನ್ನೆಕೋಲಿನ ಪಾಠ ಮಾಡಿದವರು ನೀವೇ, ಹೇಳಿ ಸಾರ್" ಎಂದು ಕೇಳಿದ್ದಾನೆ.

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯ ಮೇಷ್ಟರನ್ನು ಸಮುದ್ರದ ವಿಷಯ ಕೇಳುವುದೇ ತಮಾಷೆ. ನಮ್ಮ ಕಡೆ ಟಿಲ್ಲರ್ ಎಂದರೆ ಹೊಲ ಉಳುವ ಯಂತ್ರ. ನಾನು ಕಂಡ ನೌಕಾಯಾನವೆಂದರೆ, ಮುಳಬಾಗಿಲಿನ ಸೋಮೇಶ್ವರಪಾಳ್ಯದ ಕೆರೆ ತುಂಬಿದಾಗ ಮೀನು ಹಿಡಿಯುವವರು ನಡೆಸುತ್ತಿದ್ದ ಹರಿಗೋಲು. ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿದೆ, ಯೋಚಿಸಿದೆ. ನನಗೆ ತೋಚಿದ್ದನ್ನು ಇಲ್ಲಿ ಎಲ್ಲರ ಮುಂದೆ ಇಡುತ್ತಿದ್ದೇನೆ.

ದೋಣಿಯ ಹಿಂಬದಿಯಲ್ಲಿ ನೀರಿಗೆ ಇಳಿಬಿಟ್ಟ ಹಲಗೆಯೇ ಚುಕ್ಕಾಣಿ. ಅದರ ತಲೆಗೆ ಸಿಕ್ಕಿಸಿದ ಉದ್ದನೆಯ ಹಿಡಿಯೇ ಟಿಲ್ಲರ್. ಇದು ಅಪ್ಪಟ ಸನ್ನೆಕೋಲು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಹೊಸಬರಿಗೆ ಮೊದಲು ಗೊಂದಲವಾಗುವುದು ಇಲ್ಲಿಯೇ. ಆದರೆ ನೀರಿನ ಒತ್ತಡ ನೇರವಾಗಿ ಅಂಗೈಗೆ ಬರುತ್ತದೆ. ಗಾಳಿಗೆ ಹಾಯಿ ಹೆಚ್ಚಾದರೆ ಹಿಡಿ ಭಾರವಾಗಿ ಎಳೆಯುತ್ತದೆ. ಹಾಯಿಯನ್ನು ಕುಗ್ಗಿಸಬೇಕೆಂದು ದೋಣಿ ಹೇಳುವ ಬಗೆಯೇ ಅದು.

ಚಕ್ರದ ಅನುಕೂಲ ಬೇರೆ. ದೊಡ್ಡ ದೋಣಿಯ ಭಾರಿ ಚುಕ್ಕಾಣಿಯನ್ನು ಅದು ಅಲ್ಪ ಬಲದಿಂದ ತಿರುಗಿಸುತ್ತದೆ. ಎತ್ತ ತಿರುಗಿಸಿದರೆ ಅತ್ತಲೇ ದೋಣಿ. ಆದರೆ ಕೈಗೂ ಚುಕ್ಕಾಣಿಗೂ ನಡುವೆ ತಂತಿ, ರಾಟೆಗಳು ಬಂದು ಸೇರುತ್ತವೆ. ನಡುವೆ ಹೆಚ್ಚು ಭಾಗಗಳಿದ್ದಷ್ಟೂ ಕೆಡುವ ಸಂಭವ ಹೆಚ್ಚು. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು ಜಗತ್ತನ್ನು ಸುತ್ತಿದ ನಮ್ಮ ನೌಕಾಪಡೆಯ ಆರು ಮಹಿಳೆಯರ 'ತಾರಿಣಿ'ಯೂ, 2018ರಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ನಿಲ್ಲಬೇಕಾಯಿತು. ಚಕ್ರವಿರುವ ದೋಣಿಗಳಲ್ಲಿ ಆಪತ್ತಿಗೆಂದು ಒಂದು ಟಿಲ್ಲರನ್ನು ಇಟ್ಟುಕೊಂಡಿರುತ್ತಾರೆ. ಕೊನೆಗೆ ಕಾಯುವುದು ಆ ಕೋಲೇ!

ಆಟೋಪೈಲಟ್ಟನ್ನು ನಾನು ಹಳಿಯುವುದಿಲ್ಲ. ಒಬ್ಬನೇ ಇರುವಾಗ ಹಾಯಿ ಇಳಿಸಲು, ನಕ್ಷೆ ನೋಡಲು, ತುಸು ವಿಶ್ರಮಿಸಲು ಅದು ಬೇಕೇ ಬೇಕು. 2023ರಲ್ಲಿ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿದ ಅಭಿಲಾಷ್ ಟೋಮಿಯವರ ದೋಣಿಯಲ್ಲೂ, ವಿದ್ಯುತ್ತಿನದಲ್ಲದಿದ್ದರೂ, ಗಾಳಿಯ ಬಲದಿಂದಲೇ ದಿಕ್ಕು ಕಾಯುವ ವಿಂಡ್‌ವೇನ್ ಇತ್ತು. ಏಕಾಂಗಿಯಾಗಿ ಸಾಗರ ದಾಟುವವನು ನಿದ್ದೆಯನ್ನಾದರೂ ಮಾಡಬೇಡವೇ?

ಆದರೆ ವಿದ್ಯುತ್ ಆಟೋಪೈಲಟ್ ಬ್ಯಾಟರಿಯನ್ನು ತಿನ್ನುತ್ತದೆ, ಹೇಳಿದ ದಿಕ್ಕನ್ನಷ್ಟೇ ಅರಿಯುತ್ತದೆ. ಎದುರಿಗೆ ಮೀನುಬಲೆ ಇದ್ದರೂ ಅದಕ್ಕೆ ಕಾಣದು. ಭಯದ ಮಾತು ಇನ್ನೊಂದಿದೆ. ಕೈಯಿಂದ ನಡೆಸುವಾಗ ಹಿಡಿ ಬಿಟ್ಟುಹೋದರೆ, ಸರಿಯಾಗಿ ಹಾಯಿ ಹೊಂದಿಸಿದ ದೋಣಿ ಸಾಮಾನ್ಯವಾಗಿ ಗಾಳಿಗೆ ಮುಖಮಾಡಿ ವೇಗ ಕಳೆದುಕೊಳ್ಳುತ್ತದೆ. ಆಟೋಪೈಲಟ್ ನಡೆಸುತ್ತಿರುವಾಗ ಒಡೆಯ ನೀರಿಗೆ ಬಿದ್ದರೆ, ದೋಣಿ ಅವನನ್ನು ಬಿಟ್ಟು ತನ್ನ ಪಾಡಿಗೆ ತಾನು ಹೊರಟುಹೋಗುತ್ತದೆ.

ಇದನ್ನು ಓದಿದಾಗ ನನಗೆ ನನ್ನದೇ ತಪ್ಪೊಂದು ನೆನಪಾಯಿತು. ಶ್ರೀನಿವಾಸಪುರದಲ್ಲಿದ್ದಾಗ ಒಂದು ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಆಸೆಗೆ ಬಿದ್ದು, ಪ್ರಯೋಗಗಳನ್ನು ಬದಿಗಿಟ್ಟು, ಪ್ರಶ್ನೋತ್ತರಗಳನ್ನು ಬರೆಸಿ ಬಾಯಿಪಾಠ ಮಾಡಿಸಿದೆ. ಫಲಿತಾಂಶವೇನೋ ಚೆನ್ನಾಗಿಯೇ ಬಂದಿತು. ಮುಂದಿನ ವರ್ಷ ಅದೇ ತರಗತಿಯ ಜಾಣ ಹುಡುಗಿಯೊಬ್ಬಳು ಕಾಲೇಜಿನಿಂದ ಬಂದು, "ಸಾರ್, ಅಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ನನಗೆ ಏನೂ ತೋಚುವುದಿಲ್ಲ" ಎಂದು ಕಣ್ಣೀರಿಟ್ಟಳು. ಅವಳಿಗೆ ನಾನು ದಡ ಸೇರಿಸುವ ಯಂತ್ರವಾಗಿದ್ದೆನೇ ಹೊರತು ಹಿಡಿಯನ್ನು ಅವಳ ಕೈಗೆ ಕೊಟ್ಟಿರಲಿಲ್ಲ.

ಆದ್ದರಿಂದ, ಮಗು, ನನ್ನ ಉತ್ತರವಿದು. ನಿನ್ನ ಅಳತೆಯ ದೋಣಿಗೆ ಟಿಲ್ಲರ್ ಸಾಕು. ಟಿಲ್ಲರಿಗೆ ಸಿಕ್ಕಿಸಿ ಬೇಕೆಂದಾಗ ತೆಗೆಯಬಹುದಾದ ಸಣ್ಣ ಆಟೋಪೈಲಟ್ ಸಿಗುತ್ತದೆಯಂತೆ, ಅದನ್ನೂ ಕೊಂಡುಕೋ. ಆದರೆ ನಿನ್ನ ಮಗಳು ಕಣ್ಣು ಮುಚ್ಚಿಕೊಂಡು, ಅಂಗೈಯಿಂದಲೇ ಗಾಳಿ ಹೆಚ್ಚಿತೋ ಕಡಿಮೆಯಾಯಿತೋ ಎಂದು ಹೇಳುವವರೆಗೆ ಅದು ಪೆಟ್ಟಿಗೆಯಲ್ಲಿಯೇ ಇರಲಿ. ಅವಳು ನಾಲ್ಕು ಸಲ ದಿಕ್ಕು ತಪ್ಪಿದರೆ ನೀನು ಕೈ ಹಾಕಬೇಡ, ಪಕ್ಕದಲ್ಲಿರು. ಇಬ್ಬರೂ ಜೀವರಕ್ಷಕ ಕವಚ ಧರಿಸಿ, ದೋಣಿಗೆ ಬಿಗಿದ ಸುರಕ್ಷತಾ ಪಟ್ಟಿಯನ್ನು ಮಾತ್ರ ಯಾವಾಗಲೂ ಕಟ್ಟಿಕೊಂಡಿರಿ.

ಊರಿಗೆ ಬಂದಾಗ ಅವಳನ್ನು ಕರೆದುಕೊಂಡು ಬಾ. ಸನ್ನೆಕೋಲಿನ ಪಾಠವನ್ನು ಈ ಸಲ ಅವಳಿಂದ ನಾನು ಕೇಳುತ್ತೇನೆ.