ಸುರಕ್ಷತೆಯೂ ಉತ್ಪಾದನಾ ವೆಚ್ಚವೇ

ಫೌಂಡ್ರಿಯ ವೆಚ್ಚಪಟ್ಟಿಯಲ್ಲಿ ಬೀಡು ಕಬ್ಬಿಣ, ವಿದ್ಯುತ್ತು, ಮರಳುಗಳಿಗೆ ಪ್ರತ್ಯೇಕ ಶೀರ್ಷಿಕೆಗಳಿರುತ್ತವೆ. ಕಾರ್ಮಿಕರ ಬೂಟು, ಮುಖಕವಚಗಳು ಮಾತ್ರ ‘ಇತರೆ ಖರ್ಚು’ಗಳಲ್ಲಿ ಸೇರಿರುತ್ತವೆ. ಮಿತವ್ಯಯದ ಕತ್ತರಿ ಮೊದಲು ಬೀಳುವುದೂ ಅಲ್ಲಿಯೇ.

ಬೆಳಗಾವಿಯ ಉದ್ಯಮಿಗಳು ಬಲ್ಲಂತೆ, ಎರಕ ಹೊಯ್ಯುವ ಕಬ್ಬಿಣದ ಉಷ್ಣತೆ ಸುಮಾರು 1,350 ಡಿಗ್ರಿ ಸೆಲ್ಸಿಯಸ್. ಲ್ಯಾಡಲ್‌ನಲ್ಲಿ ತೇವವಿದ್ದರೆ ನೀರು ಕ್ಷಣಾರ್ಧದಲ್ಲಿ ಆವಿಯಾಗಿ, ಸುಮಾರು 1,600 ಪಟ್ಟು ಹಿಗ್ಗಿ ಲೋಹವನ್ನು ಸಿಡಿಸುತ್ತದೆ. ಬೂಟಿನೊಳಗೆ ಬಿದ್ದ ಹನಿಯು ಲೇಸು ಬಿಚ್ಚುವಷ್ಟರಲ್ಲಿ ಪಾದವನ್ನು ಆಳವಾಗಿ ಸುಟ್ಟಿರುತ್ತದೆ.

ಪರಿಹಾರ ದುಬಾರಿಯಲ್ಲ. ಲ್ಯಾಡಲ್ಲನ್ನು ಮುಂಚಿತವಾಗಿ ಕಾಯಿಸಿ ಒಣಗಿಸಬೇಕು. ಲೇಸಿಲ್ಲದ ಬೂಟು, ಅದರ ಮೇಲೆ ಚರ್ಮದ ಕಾಲುಗವಸು ಇರಬೇಕು. ಪ್ಯಾಂಟನ್ನು ಬೂಟಿನೊಳಗೆ ತುರುಕಬಾರದು. ಕರಗಿ ಮೈಗಂಟುವ ಸಿಂಥೆಟಿಕ್ ಬಟ್ಟೆ ಸಲ್ಲದು. ಸುಟ್ಟಲ್ಲಿ ತಕ್ಷಣ ಬೂಟು ಕಳಚಿ, ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಈ ನಲ್ಲಿಯು ಕರಗಿದ ಲೋಹದಿಂದ ದೂರವಿರಲಿ. ಶಾಯಿ, ಟೂತ್‌ಪೇಸ್ಟು, ಮಂಜುಗಡ್ಡೆ ಬೇಡ. ಅಂಟಿದ್ದನ್ನು ಕೀಳದೆ ಆಸ್ಪತ್ರೆಗೆ ಒಯ್ಯಬೇಕು.

ಇ.ಎಸ್.ಐ. ಇದೆಯಲ್ಲ ಎನ್ನಬಹುದು. ಅದು ಗಾಯಾಳುವಿಗೆ ವೇತನದ ಬಹುಭಾಗ ನೀಡೀತು. ನುರಿತ ಕೈಯ ಗೈರುಹಾಜರಿ, ಕೆಟ್ಟ ಎರಕ, ತಡವಾದ ಆರ್ಡರುಗಳ ನಷ್ಟವನ್ನು ಭರಿಸದು. ಕುಂಟುವ ಕಾಲಿನ ನೋವಂತೂ ಯಾವ ಲೆಕ್ಕಪುಸ್ತಕಕ್ಕೂ ಸಿಗದು.

ಆದುದರಿಂದ ಸುರಕ್ಷತೆಗೆ ಪ್ರತ್ಯೇಕ ಶೀರ್ಷಿಕೆ ತೆರೆದು, ಎರಕದ ಪ್ರತಿ ಕಿಲೋ ದರದಲ್ಲಿಯೇ ಅದನ್ನು ಸೇರಿಸಬೇಕೆಂಬುದು ಲೆಕ್ಕಪರಿಶೋಧಕನಾಗಿ ನನ್ನ ಖಚಿತ ಅಭಿಪ್ರಾಯ.